ಅಮಾವಾಸ್ಯೆಯ ಅರ್ಧ ಮುದ್ದೆ

ಸಂಚಿಯ ಗಂಟು ಬಿಚ್ಚಿಕೊಳ್ಳಲೇ ಇಲ್ಲ. ಪಿಳ್ಳಪ್ಪ ಚಾಪೆಯ ಪಕ್ಕ ಮಂಡಿಯೂರಿ ಕೂತು ಉಗುರಿನಿಂದ ಎಳೆದು ನೋಡಿದ. ಹಲ್ಲಿನಿಂದ ಕಚ್ಚೋಣವೆಂದರೆ ಮುಂದಿನ ಹಲ್ಲುಗಳು ಹೋಗಿ ಎಷ್ಟೋ ಕಾಲವಾಗಿತ್ತು. ಅವನ ಹೆಂಡತಿ ನರಸಮ್ಮ ಮದುವೆಯಾಗಿ ಬಂದಾಗಿನಿಂದಲೂ ಸೊಂಟಕ್ಕೆ ಸಿಕ್ಕಿಸಿಕೊಂಡೇ ಇದ್ದ ಎಲೆಅಡಿಕೆಯ ಸಂಚಿ ಅದು. ಹರಿದಾಗಲೆಲ್ಲ ಹಳೆಯ ರವಿಕೆಯ ತುಂಡು ಹಚ್ಚಿ ಹೊಲಿಯುತ್ತಿದ್ದಳು. ಮೊದಲಿನ ಬಟ್ಟೆ ಯಾವುದು, ತೇಪೆ ಯಾವುದು ಎಂದು ಈಗ ಯಾರಿಗೂ ಹೇಳಲು ಬರುವಂತಿರಲಿಲ್ಲ.

ಹೊರಗೆ ಹಂಡೆಯಲ್ಲಿ ನೀರು ಕಾದಿತ್ತು. ಮೈತೊಳೆಯಲು ಬಂದ ಹೆಂಗಸರು ಬಾಗಿಲಲ್ಲಿ ನಿಂತಿದ್ದರು.

"ಕುಯ್ದ್‌ಬಿಡಾನ ಮಾವ," ಎಂದಳು ಮಾರಕ್ಕ. ಪಕ್ಕದ ಮನೆಯವಳು. ಈ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ.

"ಕುಯ್ಯೋದ್ ಬೇಡ."

ಮಾರಕ್ಕ ತಲೆಯಿಂದ ಹೇರ್‌ಪಿನ್ ತೆಗೆದು ಗಂಟಿನೊಳಗೆ ತೂರಿಸಿ ಮೆಲ್ಲಗೆ ಸಡಿಲಿಸಿದಳು. ಸಂಚಿಯನ್ನು ಅವನ ಕೈಗಿಟ್ಟಾಗ ಒಳಗೆ ಸುಣ್ಣದ ಡಬ್ಬಿ ಅಡಿಕೆಗೆ ತಾಗಿ ಸಣ್ಣಗೆ ಸದ್ದು ಮಾಡಿತು. ಪಿಳ್ಳಪ್ಪ ಅದನ್ನು ಅಂಗಿಯ ಒಳಜೇಬಿಗೆ ಸೇರಿಸಿ ಎದ್ದು ನಡುಮನೆಯ ಕಂಬ ಹಿಡಿದುಕೊಂಡ. ಕಂಬದ ತುಂಬ ಬಿಳಿ ಗೆರೆಗಳು. ಎಲೆಗೆ ಸುಣ್ಣ ಸವರಿ ಬೆರಳಲ್ಲಿ ಉಳಿದದ್ದನ್ನು ಕಂಬಕ್ಕೆ ಎಳೆಯುವುದು ಅವಳ ಅಭ್ಯಾಸ. ಬಣ್ಣ ಹೊಡೆಸಿದ ವಾರದಲ್ಲೇ ಮತ್ತೆ ಗೆರೆ ಮೂಡುತ್ತಿತ್ತು. ನಿನ್ನೆ ಬೆಳಿಗ್ಗೆಯೂ ಅವನು ಅದಕ್ಕೇ ಗೊಣಗಿದ್ದ. ಸಂಜೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತವಳು ಹಾಗೆಯೇ ಗೋಡೆಗೆ ಒರಗಿದ್ದಳು. ಮಡಿಲಿನ ಕಾಳು ಒಂದೂ ಚೆಲ್ಲಿರಲಿಲ್ಲ.

ಅಂಗಳದಲ್ಲಿ ತಮ್ಮನ ಮಗ ಹರಿಪ್ರಸಾದ್ ಫೋನಿನಲ್ಲಿ ಯಾರಿಗೋ ದಾರಿ ಹೇಳುತ್ತಿದ್ದ. ದಾಬಸ್‌ಪೇಟೆಯ ಗೋದಾಮಿನಲ್ಲಿ ಶಿಫ್ಟ್ ಮುಗಿಸಿ ಯೂನಿಫಾರಂನಲ್ಲೇ ಬಂದಿದ್ದ. ಈ ಮನೆಗೆ ಗಂಡುಮಕ್ಕಳಿಲ್ಲದ್ದರಿಂದ ಮಡಕೆ ಹಿಡಿಯಬೇಕಾದವನು ಅವನೇ. ಫೋನಿಟ್ಟು ದೊಡ್ಡಪ್ಪನ ಹತ್ತಿರ ಬಂದು, ಮಧ್ಯಾಹ್ನದ ಮೇಲೆ ಅಮಾವಾಸ್ಯೆ ಹಿಡಿಯುತ್ತದಂತೆ, ಅಷ್ಟರೊಳಗೆ ಮಣ್ಣು ಮಾಡಿಬಿಡಬೇಕೆಂದು ಹಿರಿಯರು ಅನ್ನುತ್ತಿದ್ದಾರೆ, ಏನು ಮಾಡೋಣ ಎಂದು ಕೇಳಿದ.

"ಅಮಾಸೆ ಇವತ್ತಾ?" ಎಂದ ಪಿಳ್ಳಪ್ಪ.

ಅವನಿಗೆ ಗೊತ್ತಿಲ್ಲದೆ ಏನಿರಲಿಲ್ಲ. ಮೂವತ್ತು ವರ್ಷಗಳಿಂದ ಅವನು ಮರೆಯದ ತಿಥಿ ಅದೊಂದೇ. ಆದರೆ ಈವತ್ತು ಸಂಜೆ ಬೆಟ್ಟದ ಬುಡದ ತಾತನ ಬಂಡೆಯ ಮೇಲೆ ಅವಳ ಬದಲು ಮುದ್ದೆಯ ಎಲೆ ಇಡುವವರು ಯಾರು ಎಂಬ ಮಾತು ತಲೆಯೊಳಗೆ ಎದ್ದದ್ದು ಆಗಲೇ.

*

ಮಸ್ತಾನ್ ದೊಡ್ಡಬಳ್ಳಾಪುರದಿಂದ ಮೊಪೆಡ್‌ನಲ್ಲಿ ಬಂದ. ಹಿಂದಿನ ಸೀಟಿಗೆ ಸೇವಂತಿಗೆ ಹಾರ ಕಟ್ಟಿಕೊಂಡಿದ್ದ. ಸಾಸಲು ಸುತ್ತಿನ ಹುಣಸೆಮರಗಳ ಫಸಲನ್ನು ಗುತ್ತಿಗೆ ಹಿಡಿದು, ಕಾಯಿ ಬಡಿಯುವ ಕಾಲದಲ್ಲಿ ಗವಿಬೆಟ್ಟದ ಬುಡದಲ್ಲೇ ಗುಡಿಸಲು ಹಾಕಿಕೊಂಡು ಬಾಳಿದವನು. ಪಂಚಾಯ್ತಿಯಲ್ಲಿ ವಾಟರ್‌ಮನ್ ಆಗಿದ್ದ ಪಿಳ್ಳಪ್ಪನಿಗೂ ಅವನಿಗೂ ಟೀ ಅಂಗಡಿಯ ಬೆಂಚಿನಲ್ಲಿ ಬೆಳೆದ ಗೆಳೆತನ. ಅಲ್ಲಿ ಅವರಿಬ್ಬರ ಜಗಳ ಕೇಳಲೆಂದೇ ಜನ ಎರಡನೆಯ ಟೀ ಹೇಳುತ್ತಿದ್ದರು.

ಜಗಳ ಕಾಡ್ತಾತನದು. ಗವಿಬೆಟ್ಟದ ಮೇಲಿನ ಕುರುಚಲು ಕಾಡಿನಲ್ಲಿ ಎರಡು ಕಾಲಿನ ಮೇಲೆ ನಡೆಯುವ, ಮೈತುಂಬ ಕೂದಲಿರುವ ಆಳೆತ್ತರದ ಒಂದು ಜೀವ ಇದೆ ಎಂಬುದು ಈ ಕಡೆಯ ಹಳೆಯ ಮಾತು. ದಾರಿ ತಪ್ಪಿದ ಮಕ್ಕಳನ್ನು ಕೈಹಿಡಿದು ಊರಂಚಿಗೆ ತಂದು ಬಿಡುತ್ತಾನಂತೆ. ಮನಸ್ಸಿಗೆ ಹಿಡಿಸಿದ ಮಕ್ಕಳನ್ನು ತಾನೇ ಇಟ್ಟುಕೊಳ್ಳುತ್ತಾನಂತೆ, ಆ ಮಕ್ಕಳು ಬೆಳೆಯುವುದಿಲ್ಲವಂತೆ. ಹಿಂದಿನ ಮುದುಕಿಯರು ಬೆಟ್ಟದ ಬುಡದ ಬಂಡೆಯ ಮೇಲೆ ಅವನಿಗೆಂದು ಮುದ್ದೆ ಇಡುತ್ತಿದ್ದರು. ಮಸ್ತಾನ್ ಅವನನ್ನು ಕಣ್ಣಾರೆ ಕಂಡಿದ್ದ. ಹುಣಸೆಮರಕ್ಕೆ ಬೆನ್ನು ಉಜ್ಜಿಕೊಳ್ಳುತ್ತಿದ್ದನಂತೆ. ಪಿಳ್ಳಪ್ಪ ಆ ಮಾತು ಬಂದಾಗಲೆಲ್ಲ, ಬೆನ್ನು ಉಜ್ಜಿಕೊಳ್ಳುವ ಕರಡಿಯನ್ನೆಲ್ಲ ತಾತ ಅಂದರೆ ಈ ಬೆಟ್ಟದ ತುಂಬ ನಿನ್ನ ತಾತಂದಿರೇ ಇದ್ದಾರೆ ಬಿಡು ಎಂದು ನಗಿಸುತ್ತಿದ್ದ.

ಹೋದ ವರ್ಷ ಯಾರೋ ಹುಡುಗರು ಬೆಟ್ಟದಲ್ಲಿ ತೆಗೆದ ವೀಡಿಯೊ ಎಲ್ಲರ ಫೋನಿಗೂ ಬಂದ ಮೇಲೆ ಜಗಳಕ್ಕೆ ಹೊಸ ಜೀವ ಬಂದಿತ್ತು. ಈಗಲೂ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತವರ ನಡುವೆ ಮಾತು ಮೆಲ್ಲಗೆ ಅಲ್ಲಿಗೇ ಹೊರಳಿತು. ನರಸಮ್ಮಜ್ಜಿಯೇ ಅಲ್ಲವೆ ಅದನ್ನು ಮೊದಲು ಕಂಡದ್ದು ಎಂದು ಸೊಸೆಯಾಗಿ ಬಂದ ಒಬ್ಬ ಹೆಣ್ಣುಮಗಳು ಕೇಳಿದಳು. ಒಬ್ಬ ಫೋನು ತೆಗೆದು ಪಕ್ಕದವನಿಗೆ ತೋರಿಸಿದ. ಪೊದೆಗಳ ಆಚೆ ಒಂದು ಕಪ್ಪು ಎದ್ದು ನಿಲ್ಲುತ್ತದೆ, ಎರಡು ಹೆಜ್ಜೆ ಇಡುತ್ತದೆ, ಹಿಡಿದವನ ಕೈ ನಡುಗಿ ಆಕಾಶ ಕಾಣುತ್ತದೆ. ಅಷ್ಟೆ. ನಡಿಗೆ ನೋಡು, ಥೇಟ್ ಮನುಷ್ಯನದೇ ಎಂದ ಒಬ್ಬ. ಕರಡಿ ಎಂದು ಬೋರ್ಡು ಹಾಕಿಕೊಂಡು ಬಂದರೂ ನೀವು ನಂಬಲ್ಲ ಎಂದ ಇನ್ನೊಬ್ಬ.

"ಸಾವಿನ್ ಮನೇಲಿ ಇದೆಲ್ಲಾ ಯಾಕ್ರೋ?" ಎಂದು ಹರಿಪ್ರಸಾದ್ ಗದರಿದ. "ಫಾರೆಸ್ಟ್‌ನೋರೇ ಕರಡಿ ಅಂದ್‌ಮೇಲೆ ಮುಗೀತು. ನಮ್ ದೊಡ್ಡಮ್ಮ ಪಾಪ ಏನೋ ಬಿಸ್ಲಲ್ಲಿ ಕಂಡಿದ್ದು, ಅದನ್ನಿಟ್ಕೊಂಡು ಜನ್ಮವೆಲ್ಲಾ ಆಡ್ಕೊಂಡ್ರಿ."

ಎಲ್ಲರೂ ಪಿಳ್ಳಪ್ಪನ ಕಡೆ ನೋಡಿದರು. ಈ ಮಾತಿನಲ್ಲಿ ಕೊನೆಯ ಸೊಲ್ಲು ಯಾವಾಗಲೂ ಅವನದೇ. ಅವನು ತಲೆ ಬಗ್ಗಿಸಿ ಅಂಗಳದ ಮಣ್ಣು ನೋಡುತ್ತಿದ್ದ.

ಮಸ್ತಾನ್ ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಕೂತ. 

"ಇವತ್ ನೀನೇ ಗೆದ್ದೆ ಕಣ್ಲಾ ಪಿಳ್ಳ," ಎಂದ ಮಸ್ತಾನ್ ಮೆಲುದನಿಯಲ್ಲಿ. "ಕರಡೀನೇ ಅದು. ನಂಗೂ ಆವತ್ತು ಸರ್ಯಾಗ್ ಕಂಡಿರ್ಲಿಲ್ಲ ಅಂತಿಟ್ಕೋ."

ಪಿಳ್ಳಪ್ಪ ಅವನ ಮಂಡಿಯ ಮೇಲೆ ಕೈಯಿಟ್ಟ.

"ಇವತ್ ಬೇಡ ಕಣ್ಲಾ ಮಸ್ತಾನ್. ಇವತ್ತೊಂದಿನ ಸೋಲ್‌ಬೇಡ."

ಮಸ್ತಾನನಿಗೆ ಅರ್ಥವಾಗಲಿಲ್ಲ. ಹೆಂಡತಿ ಹೋದ ದುಃಖಕ್ಕೆ ಏನೋ ಅಂದನೆಂದುಕೊಂಡು ಅವನ ಕೈಯನ್ನು ಹಿಡಿದೇ ಕೂತ.

*

ಅವರಿಗೊಬ್ಬಳು ಮಗಳಿದ್ದಳು. ಸೊಣ್ಣಮ್ಮ ಎಂದು ಅಜ್ಜಿಯ ಹೆಸರಿಟ್ಟು ಸೊಣ್ಣಿ ಎಂದು ಕರೆಯುತ್ತಿದ್ದರು. ಶಾಲೆಗೆ ಸೇರಿಸಿದ ವರ್ಷ, ಸೀತಾಫಲ ಬಲಿಯುವ ಕಾಲ. ನರಸಮ್ಮ ಮಂಕರಿ ಹೊತ್ತು ಬೆಟ್ಟಕ್ಕೆ ಹೊರಟಾಗ ಮಗು ತಾನೂ ಬರುತ್ತೇನೆಂದು ಹಟ ಹಿಡಿಯಿತು. ಅರ್ಧ ಏರಿದ ಮೇಲೆ ಕಾಲು ನೋವೆಂದಿತು. ನೆರಳಿದ್ದ ಕಡೆ ಕೂರಿಸಿ, ಕೈಗೊಂದು ಹಣ್ಣು ಬಿಡಿಸಿಕೊಟ್ಟು, ಕೂಗಿದರೆ ಕೇಳುವಷ್ಟು ದೂರದ ಗಿಡಗಳಿಗೆ ನರಸಮ್ಮ ಹೋದಳು. ತಿರುಗಿ ನೋಡಿದಾಗ ಮಗು ಕೂತ ಜಾಗದಲ್ಲಿ ಇರಲಿಲ್ಲ.

ಇದ್ದದ್ದು ಮೇಲೆ, ದಿಣ್ಣೆಯ ಅಂಚಿನಲ್ಲಿ, ಬಿಸಿಲಿಗೆ ಎದುರಾಗಿ. ಪಕ್ಕದಲ್ಲಿ ಎತ್ತರದ, ಕೂದಲು ಇಳಿಬಿದ್ದ ಏನೋ ಒಂದು. ಮಗುವಿನ ಕೈ ಅದರ ಕೈಯಲ್ಲಿತ್ತು. ಮಗು ಅಳುತ್ತಿರಲಿಲ್ಲ. ಒಂದು ಸಲ ತಿರುಗಿ ನೋಡಿತು, ಆಮೇಲೆ ಇಬ್ಬರೂ ದಿಣ್ಣೆಯ ಆಚೆ ಇಳಿದರು. ನರಸಮ್ಮ ಹೇಳಿದ್ದು ಇಷ್ಟು. ಪೊಲೀಸರಿಗೂ ಇಷ್ಟೇ, ಊರಿಗೂ ಇಷ್ಟೇ. ಕೇಳಿದಷ್ಟು ಸಲವೂ ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ.

ದಿಣ್ಣೆಯ ಆಚೆ ಬಿಟ್ಟುಹೋದ ಕಲ್ಲುಕ್ವಾರಿ ಇತ್ತು. ಅದರ ಗುಂಡಿಯಲ್ಲಿ ಮಳೆನೀರು ನಿಂತು ಹಸಿರಾಗಿತ್ತು. ಕೊಕ್ಕೆ ಬಿಟ್ಟು ಹುಡುಕಿದರು, ಮುಳುಗುವವರನ್ನು ಕರೆಸಿ ಇಳಿಸಿದರು. ತಳದಲ್ಲಿ ಬಂಡೆಯ ಸಂದುಗಳೇ ಸಂದುಗಳು, ಕೈ ಹೋಗುವುದಿಲ್ಲ ಎಂದು ಅವರು ಮೇಲೆ ಬಂದರು. ಏನೂ ಸಿಗಲಿಲ್ಲ. ತಾಯಿ ನಿದ್ದೆ ಹೋಗಿದ್ದಳು, ಈಗ ಕಾಡ್ತಾತನ ಕತೆ ಕಟ್ಟುತ್ತಿದ್ದಾಳೆ ಎಂದು ನಲ್ಲಿಯ ಬಳಿ ಮಾತಾಯಿತು. ಅದು ನರಸಮ್ಮನ ಕಿವಿಗೆ ಬೀಳುವ ಹಾಗೆಯೇ ಆಯಿತು.

ಪಿಳ್ಳಪ್ಪ ದಿನವೂ ಆ ಹಸಿರು ನೀರಿನ ಅಂಚಿಗೆ ಹೋಗಿ ನಿಂತು ಬರುತ್ತಿದ್ದ. ಅವನು ತಾತನನ್ನು ನಂಬಿದವನಲ್ಲ. ಒಂದು ಸಂಜೆ ನೆಂಟರೆಲ್ಲ ಇದ್ದಾಗ ಹೆಂಡತಿ ಮತ್ತೆ ಅದನ್ನೇ ಹೇಳತೊಡಗಿದಾಗ ತಡೆಯಲಾರದೆ ಅಂದುಬಿಟ್ಟ.

"ಕರಡಿ ಕಣೇ ಅದು. ಬಿಸ್ಲು ಕಣ್ಣಿಗ್ ಹೊಡ್ದು ನಿಂಗೆ ಕೈ ಹಿಡ್ಕೊಂಡಂಗ್ ಕಂಡೈತೆ ಅಷ್ಟೆ."

ನರಸಮ್ಮ ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅವಳು ನಿಂತಿದ್ದ ಒಂದೇ ಒಂದು ಕಲ್ಲನ್ನು ಅವನು ಕಾಲಡಿಯಿಂದ ಎಳೆದಂತಿತ್ತು. ಅಂದಿನಿಂದ ಅವಳು ಮುದ್ದೆ ಬಾಯಿಗಿಡಲಿಲ್ಲ. ಬಲವಂತ ಮಾಡಿದರೆ ಗಂಜಿ ಕುಡಿದು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಸೊಣ್ಣಿಯ ಹೆಸರು ಆ ಮನೆಯಲ್ಲಿ ನಿಂತುಹೋಯಿತು.

ಅಮಾವಾಸ್ಯೆ ಬಂದಾಗ ಅವಳಾಗಿ ಎದ್ದು ಒಲೆ ಹಚ್ಚಿದಳು. ಮುದ್ದೆ ತೊಳಸಿ, ಮುತ್ತುಗದ ಎಲೆಯ ಮೇಲಿಟ್ಟು, ಮೇಲೆ ಹಸಿಮೆಣಸಿನಕಾಯಿ ಗೊಜ್ಜು ಹಾಕಿಕೊಂಡು, ಹೊತ್ತು ಮುಳುಗುವಾಗ ಹೋಗಿ ತಾತನ ಬಂಡೆಯ ಮೇಲೆ ಇಟ್ಟುಬಂದಳು. ಬೆಳಿಗ್ಗೆ ಹೋದರೆ ಮುದ್ದೆ ಬಿರುಕುಬಿಟ್ಟು ಇರುವೆ ಮುತ್ತಿತ್ತು. ಹಾಗೆಯೇ ಎಲೆಸಮೇತ ತಂದು ತಿಪ್ಪೆಗೆ ಹಾಕಿ ಮಲಗಿದಳು. ಮೂಳೆಗಳು ಎಣಿಸುವ ಹಾಗೆ ಕಾಣುತ್ತಿದ್ದವು.

ಮುಂದಿನ ಅಮಾವಾಸ್ಯೆಗೆ ಪಿಳ್ಳಪ್ಪ ವಾಲ್ವ್ ತಿರುಗಿಸಿ ಬರುತ್ತೇನೆಂದು ಕೆರೆ ಏರಿಯ ಮೇಲೆ ಹೋಗಿ ಕಾದು ಕೂತ. ಅವಳು ಎಲೆ ಇಟ್ಟು ಊರಿನ ದಾರಿ ಹಿಡಿದದ್ದನ್ನು ನೋಡಿ, ಏರಿ ಇಳಿದು ಬಂಡೆಯ ಹತ್ತಿರ ಬಂದ. ಎಲೆ ಖಾಲಿ ಕಂಡರೆ ಅವಳು ಉಂಡಾಳೆಂದು, ಎಸೆಯಲು ಮುದ್ದೆ ಕೈಗೆತ್ತಿಕೊಂಡ. ಇನ್ನೂ ಬಿಸಿಯಿತ್ತು. ತಾತನ ಹತ್ತಿರವಿರುವ ಮಗಳಿಗೂ ಸೇರಲೆಂದು ಅವಳು ಕಟ್ಟಿದ ಮುದ್ದೆಯನ್ನು ಪೊದೆಗೆ ಎಸೆಯಲು ಕೈ ಬರಲಿಲ್ಲ. ಅಲ್ಲೇ ಕೂತು ತಿಂದ.  ನುಂಗುವಾಗ ಬಾಯಿಂದ ತಾನಾಗಿ ಬಂದದ್ದು "ಸೊಣ್ಣಿ" ಎಂಬ ಹೆಸರು.

ಬೆಳಿಗ್ಗೆ ನರಸಮ್ಮ ಖಾಲಿ ಎಲೆಯನ್ನು ಮಡಿಸಿ ಹಿಡಿದುಕೊಂಡು ಬಂದಳು. ಒಲೆ ಹಚ್ಚಿದಳು, ಮುದ್ದೆ ಮಾಡಿದಳು, ಅವನಿಗೂ ಬಡಿಸಿ ತಾನೂ ಒಂದು ತುತ್ತು ಮುರಿದಳು.

ಆಮೇಲೆ ಅವನಿಗೆ ನಿಲ್ಲಿಸುವ ದಾರಿ ಉಳಿಯಲಿಲ್ಲ. ಪ್ರತಿ ಅಮಾವಾಸ್ಯೆ ಬಂಡೆಯ ಆಚೆ ಬದಿ ಕೂತು ತಿನ್ನುವುದು, ತಿಂದು ಮಗಳ ಹತ್ತಿರ ನಾಲ್ಕು ಮಾತಾಡುವುದು. ಹಸು ಕರು ಹಾಕಿತು ಕಣವ್ವ. ನಿನ್ನ ಶಾಲೆಗೆ ಹೊಸ ಹೆಂಚು ಹೊದಿಸಿದರು. ನಿಮ್ಮವ್ವನಿಗೆ ಮಂಡಿನೋವು. ಹುಚ್ಚೆಂದು ಗೊತ್ತಿತ್ತು. ಅಲ್ಲಿಂದ ನೇರ ಟೀ ಅಂಗಡಿಗೆ ಹೋಗಿ, ತಾತ ಇಲ್ಲ, ಇರುವುದು ಕರಡಿ ಎಂದು ಮಸ್ತಾನನ ಜೊತೆ ಜಗಳ ಆಡಿಕೊಂಡು ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದ. ನರಸಮ್ಮ ಬಡಿಸುತ್ತಿದ್ದಳು. ಅಮಾವಾಸ್ಯೆಯ ದಿನ ಹೊಟ್ಟೆ ಹಗುರವಿರಬೇಕೆಂದು ಅವನಿಗೆ ಅರ್ಧ ಮುದ್ದೆಯನ್ನೇ ಇಡುತ್ತಿದ್ದಳು. ಅವನು ಒಳ್ಳೆಯದೇ ಆಯಿತೆಂದು ಉಣ್ಣುತ್ತಿದ್ದ.

*

ಬಾಯಿಗೆ ಅಕ್ಕಿ ಹಾಕಲು ಕರೆದರು. ನರಸಮ್ಮನಿಗೆ ಹಸಿರು ಸೀರೆ ಉಡಿಸಿ, ಮುಖದ ತುಂಬ ಅರಿಶಿನ ಹಚ್ಚಿ, ಕಾಸಗಲ ಕುಂಕುಮ ಇಟ್ಟಿದ್ದರು. ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದು ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಂಡರು. ಎಲ್ಲರೂ ಹಾಕಿದ ಮೇಲೆ ಪಿಳ್ಳಪ್ಪ ಬಗ್ಗಿದ. ತುಟಿ ಇನ್ನೂ ಕೆಂಪಗಿತ್ತು. ಅಕ್ಕಿ ಹಾಕಿ, ಜೇಬಿನಿಂದ ಸಂಚಿ ತೆಗೆದು, ಬಾಡಿದ ಒಂದು ಎಲೆಗೆ ಸುಣ್ಣ ಸವರಿ ಸಣ್ಣಗೆ ಮಡಿಸಿ ತುಟಿಯ ಸಂದಿಗೆ ಇಟ್ಟ. ಬೆರಳಿನಲ್ಲಿ ಸುಣ್ಣ ಉಳಿಯಿತು. ಎಲ್ಲಿ ಒರೆಸಬೇಕೆಂದು ತಿಳಿಯದೆ ಬೆರಳನ್ನು ಹಾಗೆಯೇ ಎತ್ತಿ ಹಿಡಿದು ನಿಂತ.

ತಮಟೆ ಮುಂದೆ ಹೋಯಿತು. ಹರಿಪ್ರಸಾದ್ ಬೆಂಕಿ ಮಡಕೆ ಹಿಡಿದು ನಡೆದ. ಮಸ್ತಾನ್ ಒಂದು ಹೆಗಲು ಕೊಟ್ಟ. ಕೆರೆಯ ಕೆಳಗಿನ ಅವರದೇ ತುಂಡು ಹೊಲದ ಮೂಲೆಯಲ್ಲಿ ಗುಂಡಿ ತೋಡಿದ್ದರು. ಅಲ್ಲಿಂದ ಗವಿಬೆಟ್ಟ ಎದುರಿಗೇ ಕಾಣುತ್ತಿತ್ತು.

ಮಣ್ಣು ಹಾಕುವಾಗ ಪಿಳ್ಳಪ್ಪನ ಕಣ್ಣು ಬೆಟ್ಟದ ಮೇಲೆಯೇ ಇತ್ತು. ಅವನಿಗೆ ಯಾರಿಗೂ ಹೇಳದ ಒಂದು ಆಸೆ ಇತ್ತು. ಅದು ಹುಟ್ಟಿದ್ದು ಆಸ್ಪತ್ರೆಯಲ್ಲಿ.

ಹತ್ತು ಹನ್ನೆರಡು ವರ್ಷದ ಹಿಂದೆ ಹೊಟ್ಟೆಯ ಹುಣ್ಣಿಗೆ ಆಪರೇಷನ್ ಆಗಿ ಅವನು ದೊಡ್ಡಬಳ್ಳಾಪುರದಲ್ಲಿ ಮಲಗಿದ್ದಾಗ ಅಮಾವಾಸ್ಯೆ ಬಂದುಹೋಯಿತು. ಎಲೆ ಹಾಗೇ ಉಳಿದಿರುತ್ತದೆ, ಇವಳು ಮತ್ತೆ ಅನ್ನ ಬಿಡುತ್ತಾಳೆ ಎಂದು ಅವನು ಹಾಸಿಗೆಯಲ್ಲಿ ಒದ್ದಾಡಿದ್ದ. ಮಾರನೆಯ ದಿನ ನರಸಮ್ಮ ಗಂಜಿ ತೆಗೆದುಕೊಂಡು ಬಸ್ಸಿನಲ್ಲಿ ಬಂದಳು.

"ಎಲೆ?" ಎಂದು ಕೇಳಿದ ಅವನು, ತಡೆಯಲಾರದೆ.

"ಖಾಲಿಯಾಗಿತ್ತು," ಎಂದಳು ಕಿಟಕಿಯ ಕಡೆ ನೋಡುತ್ತ. "ಇಟ್ಟಂಗೇ ಇತ್ತು ಎಲೆ. ಮುದ್ದೆ ಇರ್ಲಿಲ್ಲ."

ನಾಯಿ ತಿಂದರೆ ಎಲೆ ಚಿಂದಿಯಾಗುತ್ತದೆ. ಕಾಗೆ ತಿಂದರೆ ಚೆಲ್ಲಾಡುತ್ತದೆ. ಹಾಗಾದರೆ ಯಾರು? ಅಂದಿನಿಂದ ಅವನೊಳಗೆ ಎಳ್ಳಿನಷ್ಟು ಏನೋ ಬಂದು ಕೂತಿತು. ಬೆಟ್ಟದ ಆಚೆ, ಬೆಳೆಯದೆ, ಕಾಣೆಯಾದ ದಿನ ತೊಟ್ಟಿದ್ದ ಹಳದಿ ಲಂಗದಲ್ಲೇ ಒಂದು ಮಗು. ಆ ಎಳ್ಳು ಯಾರಿಗೂ ಕಾಣದಿರಲೆಂದೋ ಏನೋ, ಟೀ ಅಂಗಡಿಯಲ್ಲಿ ಅವನ ದನಿ ಇನ್ನೂ ಜೋರಾಯಿತು. ಅದನ್ನು ಪರೀಕ್ಷೆ ಮಾಡಲು ಧೈರ್ಯವಾಗಲಿಲ್ಲ. ತಿನ್ನದೆ ಬಿಟ್ಟು, ಬೆಳಿಗ್ಗೆ ಮುದ್ದೆ ಹಾಗೇ ಇದ್ದರೆ ನರಸಮ್ಮ ಏನಾಗುತ್ತಾಳೆ ಎಂಬ ಭಯ ಒಂದು. ಹಾಗೇ ಇದ್ದರೆ ತಾನು ಏನಾಗುತ್ತೇನೆ ಎಂಬ ಭಯ ಇನ್ನೊಂದು.

ಈಗ ನರಸಮ್ಮನಿಲ್ಲ. ಇಂದು ಸಂಜೆ ತಾನೇ ಎಲೆ ಇಟ್ಟು, ತಿನ್ನದೆ, ಮರೆಯಲ್ಲಿ ಕೂತು ಕಾಯಬೇಕು ಎಂದು ಅವನು ಬೆಳಿಗ್ಗೆಯೇ ನಿಶ್ಚಯಿಸಿದ್ದ. ಒಂದು ಸಲ, ಒಂದೇ ಸಲ ಯಾರಾದರೂ ಬಂದು ಆ ಮುದ್ದೆಯನ್ನು ತೆಗೆದುಕೊಂಡರೆ ಸಾಕು. ಅವಳು ಕಂಡದ್ದು ನಿಜವಾಗುತ್ತದೆ. ಸೊಣ್ಣಿ ಎಲ್ಲೋ ಇದ್ದಾಳೆಂದಾಗುತ್ತದೆ. ತಾನು ಆ ಸಂಜೆ ಆಡಿದ ಮಾತು ಸುಳ್ಳಾಗುತ್ತದೆ.

ಮೂರು ಹಿಡಿ ಮಣ್ಣು ಹಾಕಿ ಕೈ ಒದರಿಕೊಂಡ. ಬೆರಳಿನ ಸುಣ್ಣ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

*

ಸೂತಕದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಹೊಲದಿಂದ ಬಂದು ಸ್ನಾನ ಮುಗಿಸಿದವರಿಗೆ ನೆರೆಮನೆಗಳಿಂದ ಅನ್ನ ಬಂತು. ಬಹಳ ಜನ ಉಂಡು ಹೊರಟರು. ಹರಿಪ್ರಸಾದ್ ಶಾಮಿಯಾನದವನಿಗೆ ಕುರ್ಚಿಗಳನ್ನು ಎತ್ತಿಕೊಡುತ್ತಿದ್ದ. ಪಿಳ್ಳಪ್ಪ ಹಿತ್ತಿಲ ಬಾಗಿಲಿಗೆ ಬಂದು, ಒಂದು ಮುದ್ದೆ ಮಾಡಿಕೊಡುತ್ತೀಯಾ ಎಂದು ಮಾರಕ್ಕನನ್ನು ಕೇಳಬೇಕೆಂದು ನಿಂತ. ಕೇಳುವ ಮೊದಲೇ ಅವಳು ಗೋಡೆಯ ಆಚೆಯಿಂದ ಬಂದಳು. ಕೈಯಲ್ಲಿ ಮುತ್ತುಗದ ಎಲೆ. ಮೇಲೆ ಒಂದು ಮುದ್ದೆ, ಗುಳಿ ಮಾಡಿ ತುಪ್ಪ ಬಿಟ್ಟಿದ್ದಳು.

"ಅಮಾಸೆ ಅಲ್ವಾ ಮಾವ," ಎಂದಳು. "ಅತ್ತೆ ಹೇಳಿದ್ರು. ನಂಗೇನಾದ್ರೂ ಆದ್ರೆ ಎಲೆ ತಪ್ಪಿಸ್‌ಬೇಡ ಕಣೇ ಮಾರಿ ಅಂತ. ಖಾರ ಹಾಕಿಲ್ಲ. ಆಪರೇಷನ್ ಆದಾಗಿಂದ ನಿಮ್ಗೆ ಖಾರ ಆಗಲ್ಲ, ತುಪ್ಪಾನೇ ಹಾಕು ಅನ್ನೋರು."

ಪಿಳ್ಳಪ್ಪನಿಗೆ ನೆನಪಾಯಿತು. ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ಅಮಾವಾಸ್ಯೆಗೆ ಬಂಡೆಯ ಮೇಲಿನ ಮುದ್ದೆಯಲ್ಲಿ ಗೊಜ್ಜು ಹೋಗಿ ತುಪ್ಪ ಬಂದಿತ್ತು. ತಾತನಿಗೂ ವಯಸ್ಸಾಯಿತೆಂದುಕೊಂಡಿದ್ದಾಳೆ ಎಂದು ಅವನು ಕತ್ತಲಲ್ಲಿ ಒಬ್ಬನೇ ನಕ್ಕಿದ್ದ.

"ಬಂಡೆ ಮೇಲಿನ್ ಮುದ್ದೆಗಾ?" ಎಂದ.

"ಹೂಂ ಮತ್ತೆ." ಮಾರಕ್ಕ ಅವನ ಮುಖ ನೋಡಿ ತಡೆದಳು. "ನಿಮ್ಗೊತ್ತಿತ್ತಲ್ವಾ ಮಾವ? ಅತ್ತೆಗ್ ಗೊತ್ತು ಅನ್ನೋದು?"

ಅವನು ಎಲೆಯ ಮೇಲಿನ ತುಪ್ಪವನ್ನೇ ನೋಡಿದ. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದ.

"ನಾನ್ ಆಸ್ಪತ್ರೇಲಿದ್ನಲ್ಲ. ಆ ಅಮಾಸೆ ಎಲೆ ಖಾಲಿಯಾಗಿತ್ತು."

"ಅದಾ? ಮಾರ್ನೇ ದಿನ ಬೆಳಿಗ್ಗೆ ಮುದ್ದೆ ತಗೊಂಡ್ ಬಂದು ನಮ್ ಹಸೂಗ್ ಹಾಕಿದ್ರು. ತಿನ್ನೋರು ಆಸ್ಪತ್ರೇಲವ್ರೆ, ಇದ್ಯಾಕ್ ದಂಡ ಆಗ್ಬೇಕು ಅಂತ."

ಹಿತ್ತಿಲಿನ ನುಗ್ಗೆಮರದಲ್ಲಿ ಕಾಗೆಯೊಂದು ಕೂತಲ್ಲೇ ರೆಕ್ಕೆ ಬಡಿಯಿತು. ಪಿಳ್ಳಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. ಮಗಳು ಹೋದದ್ದು ಮೂವತ್ತು ವರ್ಷದ ಹಿಂದೆ. ಅವನ ಪಾಲಿಗೆ ಅವಳು ಸತ್ತದ್ದು ಈ ಬಾಗಿಲಲ್ಲಿ.

"ಯಾವತ್ತಿಂದ ಗೊತ್ತಿತ್ತು ಅವ್ಳಿಗೆ?"

"ನಾನ್ ಮದ್ವೆ ಆಗ್ಬಂದಾಗ್ಲೇ ಗೊತ್ತಿತ್ತು. ನಾನೂ ಒಂದಿನ ಕೇಳ್ದೆ ಮಾವ. ಎಲ್ಲಾ ಗೊತ್ತಿದ್ದು ಇನ್ನೂ ಯಾಕ್ ಇಡ್ತೀಯ ಅತ್ತೆ, ಮಗು ಬದ್ಕೈತೆ ಅಂತ ನಂಬಿದ್ದೀಯ ಅಂತ." ಮಾರಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಕಂಡಿದ್ದು ಕಂಡಿದ್ದೇ ಅಂದ್ರು. ಆದ್ರೆ ಮಗು ಬದ್ಕೈತೆ ಅನ್ಲಿಲ್ಲ. ಈ ಮನೇಲಿ ನಮ್ ಯಜಮಾನ್ರ ಬಾಯಲ್ಲಿ ಸೊಣ್ಣಿ ಹೆಸ್ರು ಬರಲ್ಲ ಕಣೇ, ಆ ಬಂಡೆ ಹತ್ರ ಮಾತ್ರ ಬರ್ತದೆ, ಎಲೆ ಇಡ್ದಿದ್ರೆ ಅವ್ರಿಗೆ ಅಲ್ಲಿಗ್ ಹೋಗೋಕೆ ನೆಪ ಎಲ್ಲೈತೆ, ಅಂದ್ರು."

ಪಿಳ್ಳಪ್ಪ ಕೈ ಚಾಚಿ ಎಲೆಯನ್ನು ತೆಗೆದುಕೊಂಡ.

"ನಾನೂ ಬರ್ಲಾ ಮಾವ?"

"ಬೇಡಮ್ಮ. ಹೊತ್ತಿರೋವಾಗ್ಲೇ ಬಂದ್ಬಿಡ್ತೀನಿ."

ಎರಡು ಹೆಜ್ಜೆ ಹೋಗಿ ನಿಂತ. "ಗೊತ್ತಿತ್ತಮ್ಮ ನಂಗೆ," ಎಂದ, ತಿರುಗಿ ನೋಡದೆ.

*

ಇಷ್ಟು ವರ್ಷ ಅವನು ಬಂಡೆಗೆ ಹೋಗುತ್ತಿದ್ದದ್ದು ಕೆರೆ ಏರಿಯ ಕಡೆಯಿಂದ, ಕದ್ದು. ಈ ದಿನ ಊರಿನ ಕಡೆಯಿಂದ, ಅವಳ ದಾರಿಯಲ್ಲಿ ನಡೆದ. ಒಬ್ಬಳೇ ತುಳಿದು ಮಾಡಿದ ದಾರಿ, ಒಂದು ಪಾದದ ಅಗಲ. ನೀಲಗಿರಿ ತೋಪು ದಾಟಿ, ಕಲ್ಲು ಕಟ್ಟಿದ ಬದು ಹತ್ತಿ, ಲಂಟಾನದ ಪೊದೆಗಳ ನಡುವೆ ಹಾದು ಬಂಡೆಗೆ ಹೋಗಿ ಮುಟ್ಟುತ್ತಿತ್ತು. ಬಂಡೆ ಇನ್ನೇನು ಬಂತು ಅನ್ನುವಲ್ಲಿ ಅದರಿಂದ ಇನ್ನೂ ತೆಳ್ಳನೆಯ ಒಂದು ಕವಲು ಎಡಕ್ಕೆ ಒಡೆದು ಪೊದೆಯ ಹಿಂದೆ ನುಸುಳಿತ್ತು. ಮೇಕೆ ಜಾಡಿರಬೇಕೆಂದುಕೊಂಡು ಮುಂದೆ ಹೋದ.

ಎಲೆಯನ್ನು ಬಂಡೆಯ ಮೇಲಿಟ್ಟ. ಹೊತ್ತು ಬೆಟ್ಟದ ಅಂಚಿಗೆ ಬಂದಿತ್ತು. ಬೆಳಕು ನೇರ ಕಣ್ಣಿಗೆ ಹೊಡೆಯುತ್ತಿತ್ತು. ದಿಣ್ಣೆಯ ಮೇಲಿನ ಗಿಡಗಳೆಲ್ಲ ಕಪ್ಪಾಗಿ, ಯಾವುದು ಗಿಡ, ಯಾವುದು ಕಲ್ಲು, ಯಾವುದು ನಿಂತಿದೆ, ಯಾವುದು ನಡೆಯುತ್ತಿದೆ ಎಂದು ಹೇಳುವಂತಿರಲಿಲ್ಲ. ಅವನು ಹುಬ್ಬಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದ. ಒಂದು ಗಿಡದ ಪಕ್ಕ ಇನ್ನೊಂದು ಸಣ್ಣ ಗಿಡವಿತ್ತು. ಗಾಳಿಗೆ ಎರಡೂ ಒಟ್ಟಿಗೆ ಬಾಗುತ್ತಿದ್ದವು.

ತನ್ನ ಹಳೆಯ ಜಾಗಕ್ಕೆ ಹೋಗಿ ಕೂರಲು ಕಾಲು ಬರಲಿಲ್ಲ. ಹಿಂದಕ್ಕೆ ತಿರುಗಿ ಆ ತೆಳ್ಳನೆಯ ಕವಲಿನಲ್ಲಿ ನಡೆದ.

ಪೊದೆಯ ಹಿಂದೆ ಒಂದಕ್ಕೊಂದು ಒರಗಿದ ಎರಡು ದೊಡ್ಡ ಬಂಡೆಗಳಿದ್ದವು. ನಡುವೆ ಒಬ್ಬರು ಕೂರುವಷ್ಟು ಮರೆ. ಮೇಲೆ ಚಾಚಿದ ಕಲ್ಲಿನಿಂದ ಒಳಗೆ ಮಳೆ ಬೀಳುತ್ತಿರಲಿಲ್ಲ. ಕೆಳಗೆ ಒಂದು ಚಪ್ಪಡಿ, ಕೂತು ಕೂತು ನುಣುಪಾಗಿತ್ತು. ಅದರ ಪಕ್ಕದ ಮಣ್ಣೆಲ್ಲ ಎಲೆಅಡಿಕೆ ಉಗುಳಿ ಕಂದುಗೆಂಪಾಗಿತ್ತು.

ಬಂಡೆಯ ಒಳಮೈ ತುಂಬ ಬಿಳಿ ಗೆರೆಗಳು. ಬೆರಳಿನಿಂದ ಎಳೆದ ಸುಣ್ಣದ ಗೆರೆಗಳು, ಒಂದರ ಪಕ್ಕ ಒಂದು, ಒಂದರ ಮೇಲೊಂದು. ಹಳೆಯವು ಕಲ್ಲಿನ ಬಣ್ಣಕ್ಕೇ ತಿರುಗಿ, ಮೇಲೆ, ನೆಟ್ಟಗೆ ಕೂತ ಹೆಂಗಸಿನ ಕೈಗೆ ಎಟುಕುವಲ್ಲಿದ್ದವು. ಬರುಬರುತ್ತ ಅವು ಕೆಳಕ್ಕೆ ಇಳಿದಿದ್ದವು, ಬೆನ್ನು ಬಾಗಿದ ಹಾಗೆ.

ಪಿಳ್ಳಪ್ಪ ಚಪ್ಪಡಿಯ ಮೇಲೆ ಕೂತ. ತೀರ ಕೆಳಗಿದ್ದ ಗೆರೆಯನ್ನು ಮುಟ್ಟಿದ. ಬೆರಳಿಗೆ ಬೆಳ್ಳಗೆ ಹತ್ತಿಕೊಂಡಿತು.

ಲಂಟಾನದ ಎಲೆಗಳ ಸಂದಿನಿಂದ ತಾತನ ಬಂಡೆ ಹತ್ತಿರದಲ್ಲೇ, ಪಿಸುಗುಟ್ಟಿದರೂ ಕೇಳುವಷ್ಟು ಹತ್ತಿರದಲ್ಲಿ ಕಾಣುತ್ತಿತ್ತು. ಮೇಲೆ ಎಲೆ, ಎಲೆಯ ಮೇಲೆ ಮುದ್ದೆ. ಅದರ ಆಚೆ, ಅವನು ಕೂತು ಮಗಳ ಹತ್ತಿರ ಮಾತಾಡುತ್ತಿದ್ದ ಜಾಗ ಖಾಲಿಯಾಗಿತ್ತು.